ಎಷ್ಟು ವಯಸ್ಸಿನವರೆಗೆ ಬದುಕುತ್ತೀರಿ?

'ಮುಂದೆ' ಅನ್ನೋ ಬಟನ್ ಈ ಮನುಷ್ಯನಿಗೆ ಕಾಣಿಸುತ್ತಿಲ್ಲ ಎಂದುಕೊಂಡಳು ರೌದಾ.

ಟ್ಯೂನಿಸ್‌ನ ಒಂದು ವಿಮಾ ಕಂಪನಿಯಲ್ಲಿ ಅವಳ ಕೆಲಸ. ಕಂಪನಿಯ ವೆಬ್‌ಸೈಟಿನಲ್ಲಿ ನಿವೃತ್ತಿ ಕ್ಯಾಲ್ಕುಲೇಟರ್ ಒಂದಿತ್ತು. ವಯಸ್ಸು, ಸಂಬಳ ತುಂಬಿಸಿದರೆ, ಕೆಲಸ ಬಿಟ್ಟ ಮೇಲೆ ಕೈಗೆ ಬರುವುದು ಸಾಲುತ್ತದೋ ಇಲ್ಲವೋ ಹೇಳುತ್ತಿತ್ತು. ಆದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಯಾಕೆಂದು ತಿಳಿಯಲು ರೌದಾ ಗ್ರಾಹಕರನ್ನು ಒಬ್ಬೊಬ್ಬರಾಗಿ ಕರೆಸಿ, ಪಕ್ಕದಲ್ಲಿ ಕೂತು, ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡುತ್ತಿದ್ದಳು.

ಇವತ್ತು ಬಂದವನು ನಜೀಬ್. ಲಾ ಗೂಲೆತ್ ಬಂದರಿನ ಪೈಲಟ್, ಹೊರಗಿಂದ ಬರುವ ಹಡಗುಗಳನ್ನು ಒಳಗೆ ತಂದು ನಿಲ್ಲಿಸುವವನು. ಬಿಸಿಲಿಗೆ ಕಂದಿದ ಮುಖ, ನರೆತ ಮೀಸೆ. ಮೌಸ್ ಹಿಡಿದ ಕೈ ಅಲ್ಲಾಡುತ್ತಲೇ ಇರಲಿಲ್ಲ.

"ಕೆಳಗಡೆ ಬಲಕ್ಕಿದೆ ನೋಡಿ, ನೀಲಿ ಬಟನ್," ಎಂದಳು ಮೆತ್ತಗೆ.

"ಬಟನ್ ಸಿಕ್ತು ಮೇಡಂ. ಸಾಯೋ ವಯಸ್ಸು ಸಿಕ್ತಿಲ್ಲ."

ಪರದೆಯ ಮೇಲೆ ಕೇಳಿತ್ತು: ಎಷ್ಟು ವಯಸ್ಸಿನವರೆಗೆ ಬದುಕುತ್ತೀರಿ? ರೌದಾಳ ಕಿವಿ ಬೆಚ್ಚಗಾಯಿತು. ಅಂದಾಜಿಗೆ ಏನಾದರೂ ಹಾಕಿ, ಲೆಕ್ಕಕ್ಕೆ ಬೇಕು ಎಂದಳು. ಅವನು ಕತ್ತು ತಿರುಗಿಸಿ ಅವಳನ್ನೇ ನೋಡಿದ. ಆ ಕಣ್ಣಂಚಲ್ಲಿ ನಗು ಸುಳಿದಿತ್ತು.

"ನೀವೆಷ್ಟು ಹಾಕ್ಕೊಂಡಿದ್ದೀರಿ?"

"ನಾನು ಪರೀಕ್ಷೆಗೆ ಯಾವಾಗಲೂ ತೊಂಬತ್ತು ಹಾಕ್ತೀನಿ."

"ತೊಂಬತ್ತಾ? ಯಾರ ಜೊತೆ?"

ರೌದಾ ನಕ್ಕುಬಿಟ್ಟಳು. ಅವನು ಹೋದ ಮೇಲೆ ಮಾತ್ರ ಆ ಪ್ರಶ್ನೆ ಎದೆಯೊಳಗೆ ಹೋಗಿ ಕೂತಿತು. ಮದುವೆಯಾಗಬೇಕಿದ್ದ ಕಾಲವೆಲ್ಲ ಅಮ್ಮನ ಕಾಯಿಲೆಯ ಹಿಂದೆ ಹೋಗಿತ್ತು. ಈಗ ಅಮ್ಮನೂ ಇಲ್ಲ. ಬಾರ್ದೋ ಬಡಾವಣೆಯ ಫ್ಲ್ಯಾಟಿನಿಂದ ಬೆಳಿಗ್ಗೆ ಹೊರಡುವಾಗ ರೇಡಿಯೊ ಹಾಕಿಯೇ ಹೊರಡುತ್ತಿದ್ದಳು, ಸಂಜೆ ಬಾಗಿಲು ತೆಗೆದಾಗ ಒಳಗೆ ಒಂದು ದನಿ ಇರಲಿ ಎಂದು.

ಸಾಯುವ ವಯಸ್ಸಿನ ಪ್ರಶ್ನೆ ತೆಗೆಯೋಣ ಎಂದರೆ ಮ್ಯಾನೇಜರ್ ಒಪ್ಪಲಿಲ್ಲ. ಲೆಕ್ಕ ಎಲ್ಲಾದರೂ ಒಂದು ಕಡೆ ಮುಗಿಯಲೇಬೇಕಲ್ಲ ಎಂದ. ರೌದಾ ಎಂದೂ ದನಿ ಎತ್ತಿದವಳಲ್ಲ, ಈ ಸಲ ಬಿಡಲಿಲ್ಲ. ಲೆಕ್ಕ ಮುಗಿಯಬೇಕಾದರೆ ಕ್ಯಾಲ್ಕುಲೇಟರೇ ಮುಗಿಸಲಿ, ಕಡಿಮೆ ಬದುಕಿದರೆ ಹೀಗೆ, ಹೆಚ್ಚು ಬದುಕಿದರೆ ಹೀಗೆ ಎಂದು ತಾನೇ ತೋರಿಸಲಿ, ಮನುಷ್ಯರ ಕೈಯಲ್ಲಿ ಅವರ ಸಾವು ಬರೆಸುವುದು ಬೇಡ ಎಂದು ಹಟ ಹಿಡಿದಳು. ಕೇಳಲೇಬೇಕಾದ್ದು ಬೇರೆ ಇದೆ, ನಿವೃತ್ತಿಯ ಮೇಲೆ ಜೊತೆಗೆ ಯಾರಿರುತ್ತಾರೆ ಎಂದು, ಅಂದಳು. ಕೊನೆಗೆ ಮ್ಯಾನೇಜರ್ ಮಣಿದ. ಹೊಸ ಪ್ರಶ್ನೆಯ ಉತ್ತರಗಳಲ್ಲಿ 'ಇನ್ನೂ ಗೊತ್ತಿಲ್ಲ' ಎಂಬುದನ್ನೂ ಸೇರಿಸಿದಳು.

ಹೊಸ ಪುಟ ನೋಡಲು ನಜೀಬ್‌ನನ್ನು ಮತ್ತೆ ಕರೆಸಿದರು. ಜೊತೆಗೆ ಯಾರಿರುತ್ತಾರೆ ಎಂಬ ಪ್ರಶ್ನೆಯ ಹತ್ತಿರ ಅವನು ತುಸು ತಡೆದ. ಅವಳತ್ತ ಒಮ್ಮೆ ನೋಡಿದ. ನೋಡುತ್ತಲೇ 'ಇನ್ನೂ ಗೊತ್ತಿಲ್ಲ' ಒತ್ತಿದ. ರೌದಾ ಏನೋ ಬರೆದುಕೊಳ್ಳುವವಳಂತೆ ತಲೆ ತಗ್ಗಿಸಿದಳು.

ಆಮೇಲೆ ಕಾಫಿ ಕುಡಿಯುತ್ತ ಅವನು ತನ್ನ ವಿಷಯ ಹೇಳಿದ. ಹೆಂಡತಿ ತೀರಿಕೊಂಡು ವರ್ಷಗಳೇ ಆದರೂ ಬೇಕರಿಯವನ ಮುಂದೆ ನಿಂತಾಗ ಬಾಯಿ ತಾನಾಗಿಯೇ ಎರಡು ಬಗೆತ್ ಬ್ರೆಡ್ಡು ಕೇಳುತ್ತದಂತೆ. ಒಂದನ್ನು ತಿನ್ನುತ್ತಾನೆ, ಇನ್ನೊಂದು ಬೀದಿ ಬೆಕ್ಕುಗಳಿಗೆ. ಬೆಕ್ಕುಗಳು ದಪ್ಪಗಾಗಿವೆ ಎಂದು ನಕ್ಕ. ರೌದಾಳಿಗೆ ನಗಲಾಗಲಿಲ್ಲ.

ಬದಲಾದ ಕ್ಯಾಲ್ಕುಲೇಟರ್ ಜನರ ಕೈಗೆ ಹೋಯಿತು. ಜನ ಕೊನೆಯವರೆಗೂ ತುಂಬಿಸತೊಡಗಿದರು. ಮ್ಯಾನೇಜರ್ ಎಲ್ಲರೆದುರು ಹೊಗಳಿ, ಪರೀಕ್ಷೆ ಇಲ್ಲಿಗೆ ಸಾಕು ಎಂದ. ಹೊಗಳಿಕೆ ಕೇಳುತ್ತ ನಿಂತವಳಿಗೆ ಹೊಳೆದಿದ್ದು ಒಂದೇ, ಇನ್ನು ಅವನನ್ನು ಕರೆಯಲು ನೆಪವಿಲ್ಲ. ಆ ವಾರಾಂತ್ಯ ಮಾಡಿದ ಕುಸ್‌ಕುಸ್ ಒಬ್ಬಳಿಗೆ ಹೆಚ್ಚಾಯಿತು. ಮೂರು ಹೊತ್ತು ಅದನ್ನೇ ಬಿಸಿ ಮಾಡಿ ತಿಂದಳು.

ಸೋಮವಾರ ಫೋನ್ ಮಾಡಿದಳು. ಇನ್ನೊಂದು ಹೊಸ ಪುಟ ಇದೆ, ನೋಡಿಕೊಡ್ತೀರಾ ಎಂದು ಸುಳ್ಳು ಹೇಳಿದಳು.

ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ, ಮೀಸೆ ಟ್ರಿಮ್ ಮಾಡಿಸಿದ್ದ. ಕುರ್ಚಿಯಲ್ಲಿ ಕೂತು ಕಪ್ಪಗಿದ್ದ ಪರದೆ ನೋಡಿದ. ರೌದಾಳ ಕೈ ಸ್ವಿಚ್‌ವರೆಗೆ ಹೋಗಿ ಅಲ್ಲೇ ನಿಂತಿತು.

"ಹೊಸ ಪುಟ ಇಲ್ಲ, ನಜೀಬ್ ಅವರೇ," ಎಂದಳು. "ಸುಳ್ಳು ಹೇಳಿದೆ."

"ಗೊತ್ತು. ಕ್ಯಾಲ್ಕುಲೇಟರ್ ಆಗಲೇ ಹೊರಗೆ ಬಂದಿದೆಯಲ್ಲ, ನಮ್ಮ ಬಂದರಲ್ಲಿ ಎಲ್ಲರ ಫೋನಲ್ಲೂ ಅದೇ."

"ಗೊತ್ತಿದ್ದೂ ಬಂದ್ರಾ?"

"ಗೊತ್ತಿದ್ದಿದ್ದಕ್ಕೇ ಬಂದೆ," ಎಂದ. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಲೆಕ್ಕಕ್ಕೇ ಕರೆದಿದ್ದರೆ ಹಳೇ ಅಂಗೀಲೇ ಬರ್ತಿದ್ದೆ, ರೌದಾ."

ಮೊದಲ ಸಲ ಮೇಡಂ ಬಿಟ್ಟು ಹೆಸರು ಹಿಡಿದು ಕರೆದಿದ್ದ. ಅವಳ ಕಣ್ಣು ತುಂಬಿ ಬಂತು. ಅವನು ಕಿಟಕಿಯತ್ತ ತಿರುಗಿ, ಅವಳು ಸುಧಾರಿಸಿಕೊಳ್ಳುವವರೆಗೂ ಬೀದಿಯನ್ನೇ ನೋಡುತ್ತ ನಿಂತ.

ಆಫೀಸು ಮುಗಿದ ಮೇಲೆ ಊರ ನಡುವಿನ ದೊಡ್ಡ ಅವೆನ್ಯೂ ಉದ್ದಕ್ಕೂ ನಡೆದರು. ಅವಳು ಬಾರ್ದೋದ ಕಡೆ ಹೋಗಬೇಕು, ಅವನದು ಕಡಲ ಕಡೆಯ ರೈಲು. ಸ್ಟೇಷನ್ ಬಾಗಿಲಲ್ಲಿ ಅವನು ವಿದಾಯಕ್ಕೆಂದು ಕೈ ಚಾಚಿದ. ರೌದಾ ಆ ಕೈ ಹಿಡಿದಳು, ಬಿಡಲಿಲ್ಲ. ಅವನ ಜೊತೆಗೇ ರೈಲು ಹತ್ತಿದಳು.

ಎದುರು ಸೀಟಿನ ಮುದುಕಿ ಇಬ್ಬರನ್ನೂ ಅಳೆದು ನೋಡಿ, ನೀನೆಲ್ಲಿ ಇಳೀಬೇಕು ಮಗಳೇ ಎಂದು ಕೇಳಿದಳು.

"ಇವರು ಇಳಿಯೋ ಕಡೆ," ಎಂದಳು ರೌದಾ.