ಐದನೆಯ ಪದ

"ಕೊಡಲಿ, ಹಾಲು, ಏಣಿ, ಹಂಸ..." ಅಪ್ಪ ಅಲ್ಲಿಗೇ ನಿಂತ.

"ಇನ್ನೊಂದು ಇದೆ," ಅಂದಳು ಸೈಮಿ.

"ಗೊತ್ತು. ಹೇಳಬೇಡ." ಅಪ್ಪ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡ. "ಹೋಗ್ಲಿ, ಹೇಳಿಬಿಡು."

"ಚಮಚ. ಬೆರಳು ಹಿಡ್ಕೊಂಡು ಹೇಳು ಅಂದೆನಲ್ಲ. ಹೆಬ್ಬೆರಳು ಕೊಡಲಿ, ಕಿರುಬೆರಳು ಚಮಚ."

ಅಪ್ಪನ ಕಿರುಬೆರಳು ನೆಟ್ಟಗಿರಲಿಲ್ಲ. ಹಾಕಿಯ ಗಟ್ಟಿ ರಬ್ಬರ್ ಬಿಲ್ಲೆ, ಪಕ್, ಬಡಿದು ಮೂರು ಸಲ ಮುರಿದದ್ದು. ಹದಿನೇಳು ವರ್ಷದಿಂದ ಅಪ್ಪನ ಕೆಲಸವೇ ಐಸ್ ಹಾಕಿ ಆಟ. ಬೇರೆಯವರ ಅಪ್ಪಂದಿರು ಆಫೀಸಿಗೋ ಕಾಗದದ ಕಾರ್ಖಾನೆಗೋ ಹೋದರೆ, ಸೈಮಿಯ ಅಪ್ಪ ರೈನೆ, ಸ್ಕೇಟು ಚೀಲ ಹೆಗಲಿಗೆ ಹಾಕಿಕೊಂಡು ಮಂಜುಗಡ್ಡೆಯ ಒಳಾಂಗಣಕ್ಕೆ, ಐಸ್ ಹಾಲ್‌ಗೆ ಹೋಗುತ್ತಿದ್ದ.

ಕಳೆದ ಶನಿವಾರದ ಮ್ಯಾಚಿನಲ್ಲಿ ಎದುರಾಳಿಯೊಬ್ಬ ಅಪ್ಪನನ್ನು ಗೋಡೆಗೆ ಗುದ್ದಿದ್ದ. ಅಪ್ಪ ತಲೆ ಬಡಿದು ಬಿದ್ದು, ಎದ್ದು, ಉಳಿದ ಆಟ ಆಡಿದ್ದ. ಆಮೇಲಿಂದ ಮನೆಯಲ್ಲಿ ಪರದೆ ಎಳೆದೇ ಇತ್ತು. ಅಡುಗೆಮನೆಯ ದೀಪ ಹಾಕುವಂತಿರಲಿಲ್ಲ.

"ನಾಳೆ ನಮ್ಮ ಟೀಮಿನ ಪೆಟ್ಟು ನೋಡೋ ಪಿಲ್ವಿ ನನ್ನ ತಲೆಗೆ ಒಂದು ಟೆಸ್ಟ್ ಮಾಡ್ತಾಳೆ," ಎಂದಿದ್ದ ಅಪ್ಪ. "ಐದು ಪದ ಓದ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಹೇಳಬೇಕು. ಅವಳ ಹತ್ರ ಇರೋದು ಪ್ರತಿ ವರ್ಷ ಓದೋ ಹಳೇ ಪಟ್ಟಿ ಒಂದೇ. ನಂಗೆ ಬಾಯಿಪಾಠ ಮಾಡಿಸ್ತೀಯಾ?"

ಸೈಮಿಗೆ ಎಲ್ಲಿಲ್ಲದ ಖುಷಿ. ಯಾವಾಗಲೂ ಅಪ್ಪನೇ ಅವಳಿಂದ ಇಂಗ್ಲಿಷ್ ಪದಗಳನ್ನು ಒಪ್ಪಿಸಿಕೊಳ್ಳುತ್ತಿದ್ದ. ಈಗ ಅವಳೇ ಟೀಚರ್.

"ಪಾಸಾಗದಿದ್ರೆ?"

"ಈ ಶನಿವಾರ ಆಡೋಕೆ ಬಿಡಲ್ಲ. ಈಗ ಆಡದಿದ್ರೆ ಮುಂದಿನ ವರ್ಷಕ್ಕೆ ಟೀಮಿಗೆ ಕರೆಯಲ್ಲ ಪುಟ್ಟಿ. ನಂಗೆ ಮೂವತ್ತೇಳು." ಅಪ್ಪ ಫೋನಿನತ್ತ ನೋಡಿದ. "ಅಮ್ಮ ಫೋನ್ ಮಾಡಿದಾಗ ಇದೆಲ್ಲ ಬೇಡ."

ಅಮ್ಮ ನರ್ಸು. ಎರಡು ವಾರ ನಾರ್ವೆಯ ಆಸ್ಪತ್ರೆಯಲ್ಲಿ, ಎರಡು ವಾರ ಮನೆಯಲ್ಲಿ. ಅಂದು ರಾತ್ರಿ ಫೋನಿನಲ್ಲಿ ಸೈಮಿ ಶಾಲೆಯ ಮಾತಷ್ಟೇ ಆಡಿದಳು.

*

ಮರುದಿನ ಗುರುವಾರ. ಊಟವಾದ ಮೇಲೆ ಓಯ್ವಾ ಮೇಷ್ಟ್ರು ಇಡೀ ಕ್ಲಾಸನ್ನು ಶಾಲೆಯ ಹಿಂದಿನ ಮಂಜುಗಡ್ಡೆಯ ಮೈದಾನಕ್ಕೆ ಕರೆದುಕೊಂಡು ಹೋದರು.

"ನಿಮ್ಮಪ್ಪ ಶನಿವಾರ ಮ್ಯಾಚ್ ಮುಗಿದ ಮೇಲೆ ಬೇರೆ ಟೀಮಿನ ಬೆಂಚಿಗೆ ಹೋಗ್ತಿದ್ನಂತೆ," ಎಂದ ಪಕ್ಕದಲ್ಲಿ ಕೂತಿದ್ದ ಅವಳ ಕ್ಲಾಸಿನ ಕಾಸ್ಪೆರಿ, ಸ್ಕೇಟಿನ ದಾರ ಕಟ್ಟುತ್ತ. "ವಯಸ್ಸಾಯ್ತು, ಮನೆ ದಾರಿನೂ ಮರೀತಾನೆ ಅಂದ್ರು ನಮ್ಮಪ್ಪ."

"ನಿನಗೆ ಮೊದಲು ಹಿಂದಕ್ಕೆ ಸ್ಕೇಟ್ ಮಾಡೋಕೆ ಬರುತ್ತಾ, ಅದನ್ನ ನೋಡ್ಕೋ."

ಕಾಸ್ಪೆರಿ ಮಾಡಿ ತೋರಿಸಲು ಹೋದ. ಎರಡು ಸುತ್ತು ಚೆನ್ನಾಗಿಯೇ ಬಂದ. ಮೂರನೆಯದರಲ್ಲಿ ಕಾಲು ಜಾರಿ ಅಂಗಾತ ಬಿದ್ದ. ಹೆಲ್ಮೆಟ್ ಮಂಜುಗಡ್ಡೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎನ್ನುತ್ತ ಅವನೇ ಎದ್ದ.

ಮೇಷ್ಟ್ರು ಅವನನ್ನು ಹಿಮದ ದಿಬ್ಬದ ಮೇಲೆ ಕೂರಿಸಿ, ಎದುರು ಮಂಡಿಯೂರಿದರು. "ಇವತ್ತು ಊಟಕ್ಕೆ ಏನಿತ್ತು?"

"ಮ್ಯಾಕರೋನಿ."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಗುರುವಾರ ಅಂದರೆ ಬಟಾಣಿ ಸೂಪು. ಅವರ ಶಾಲೆಯಲ್ಲಿ, ಪಕ್ಕದೂರಿನ ಶಾಲೆಯಲ್ಲಿ, ಅಜ್ಜಿ ಓದಿದ ಶಾಲೆಯಲ್ಲೂ. ಕಾಸ್ಪೆರಿ ಅರ್ಧ ಗಂಟೆಯ ಹಿಂದೆ ಎರಡು ಬಟ್ಟಲು ಕುಡಿದಿದ್ದ.

"ನಾನು ಚೆನ್ನಾಗೇ ಇದ್ದೀನಿ ಸರ್."

"ಬಾಯಿ ಹಾಗೇ ಹೇಳುತ್ತೆ ಕಣೋ. ಒಳಗೇನಾಗಿದೆ ಅಂತ ನನಗೆ ಕಾಣಲ್ಲ. ಅದಕ್ಕೇ ಕೇಳೋದು." ಮೇಷ್ಟ್ರು ತಾವೇ ಅವನ ಸ್ಕೇಟು ಬಿಚ್ಚತೊಡಗಿದರು. "ಡಾಕ್ಟರ್ ಸರಿ ಅನ್ನೋವರೆಗೂ ಸ್ಕೇಟ್ ಮುಟ್ಟಬೇಡ. ವಾಸಿಯಾಗೋ ಮುಂಚೆ ತಲೆಗೆ ಇನ್ನೊಂದ್ಸಲ ಪೆಟ್ಟು ಬಿದ್ರೆ ಜೀವಕ್ಕೇ..."

ಮಾತನ್ನು ಅವರು ಮುಗಿಸಲಿಲ್ಲ. ಅಷ್ಟರಲ್ಲಿ ಕಾಸ್ಪೆರಿ ಹಿಮದ ಮೇಲೆ ವಾಂತಿ ಮಾಡಿಕೊಂಡ.

ಸೈಮಿ ತನ್ನ ಕೈಗವಸಿನೊಳಗೆ ಬೆರಳುಗಳನ್ನು ಮಡಿಸಿ ಹಿಡಿದುಕೊಂಡಳು. ಕೊಡಲಿ, ಹಾಲು, ಏಣಿ, ಹಂಸ, ಚಮಚ.

*

ಮೂರು ಗಂಟೆಗೆ ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಮೋಡ ಮುಚ್ಚಿದ ಫೆಬ್ರವರಿಯಲ್ಲೂ ಕಪ್ಪು ಕನ್ನಡಕ.

ಗುರುವಾರಕ್ಕೆ ಅವರದೊಂದು ಆಟವಿತ್ತು. ಗೇಟಿನಲ್ಲಿ ಅಪ್ಪ "ಬಟಾಣಿ" ಅನ್ನಬೇಕು, ಅವಳು "ಬಟಾಣಿ" ಅನ್ನಬೇಕು, ಇಬ್ಬರೂ ಮೂತಿ ತಿರುವಬೇಕು. ಒಂದನೇ ಕ್ಲಾಸಿನಿಂದ ಒಂದು ವಾರವೂ ತಪ್ಪಿರಲಿಲ್ಲ.

"ಊಟಕ್ಕೆ ಏನು ಕೊಟ್ಟಿದ್ರು?" ಎಂದು ಕೇಳಿದ ಅಪ್ಪ.

ಸೈಮಿ ಅವನ ಮುಖ ನೋಡಿದಳು. ತಮಾಷೆಗೆ ಕೇಳಿದ ಹಾಗಿರಲಿಲ್ಲ. ಕನ್ನಡಕದಲ್ಲಿ ಅವಳದೇ ಸಣ್ಣ ಮುಖ ಕಂಡಿತು.

"ಸೂಪು," ಅಂದಳು. ಐಸ್ ಹಾಲ್ ತಲುಪುವವರೆಗೂ ಅವನ ಹೆಜ್ಜೆಗಳನ್ನೇ ನೋಡುತ್ತ ನಡೆದಳು.

ಅಪ್ಪ ಬಾಗಿಲ ಹೊರಗೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಪಿಲ್ವಿಯ ಕೋಣೆಯಲ್ಲಿ ಮುಲಾಮಿನ ವಾಸನೆ. ಟೀಮಿನ ಆಟಗಾರರ ಪೆಟ್ಟು, ಉಳುಕು ಎಲ್ಲ ನೋಡಿಕೊಳ್ಳುವವಳು ಅವಳೇ. ಅಪ್ಪ ಟೀಮಿಗೆ ಸೇರಿದ ವರ್ಷದಿಂದ ಅವನ ಪಾದಗಳಿಗೆ ಪಟ್ಟಿ ಸುತ್ತುತ್ತ ಬಂದವಳು.

"ಒಳಗೇ ಬಾ ಸೈಮಿ, ಹೊರಗೆ ಚಳಿ," ಎಂದು ಅವಳನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಆಮೇಲೆ ಹಾಳೆ ತೆಗೆದುಕೊಂಡು ಓದಿದಳು. "ಕೊಡಲಿ. ಹಾಲು. ಏಣಿ. ಹಂಸ. ಚಮಚ."

ಅಪ್ಪ ಒಂಟಿ ಕಾಲಿನಲ್ಲಿ ನಿಂತ. ಗೆರೆಯ ಮೇಲೆ ನಡೆದ. ತಲೆನೋವು ಇದೆಯೇ ಅಂದರೆ ಇಲ್ಲ ಅಂದ. ಬೆಳಕು ಚುಚ್ಚುತ್ತದೆಯೇ ಅಂದರೆ ಇಲ್ಲ ಅಂದ. ಪಿಲ್ವಿ ಒಂದೊಂದಕ್ಕೂ ಗುರುತು ಹಾಕಿಕೊಂಡಳು.

"ಈಗ ಆ ಐದು ಪದ ಹೇಳು ರೈನೆ."

ಬೆಂಚಿನ ಮೇಲೆ ಕೂತ ಅಪ್ಪನ ಕೈ ತೊಡೆಯ ಮೇಲಿತ್ತು. ಹೆಬ್ಬೆರಳು ಒತ್ತಿದ. "ಕೊಡಲಿ." ತೋರುಬೆರಳು. "ಹಾಲು." ಆಮೇಲೆ "ಏಣಿ." ಆಮೇಲೆ "ಹಂಸ."

ಸೊಟ್ಟ ಕಿರುಬೆರಳನ್ನು ಹಿಡಿದುಕೊಂಡ. ಹಿಡಿದೇ ಇದ್ದ.

ಹೊರಗೆ ಪಕ್ ಗೋಡೆಗೆ ಬಡಿಯುವ ಸದ್ದು. ಒಮ್ಮೆ. ಇನ್ನೊಮ್ಮೆ.

ಅಪ್ಪ ತಲೆ ಎತ್ತಿ ಸೈಮಿಯತ್ತ ನೋಡಿದ. ಪಿಲ್ವಿಯ ಬೆನ್ನು ಅವಳ ಕಡೆಗಿತ್ತು. ಸದ್ದು ಬೇಕಿರಲಿಲ್ಲ, ತುಟಿ ಅಲ್ಲಾಡಿಸಿದರೆ ಸಾಕಿತ್ತು. ಪದ ಅವಳ ನಾಲಿಗೆಯ ಮೇಲೇ ಇತ್ತು. ಅದು ಸಿಕ್ಕರೆ ಶನಿವಾರ ಅಪ್ಪ ಆಡುತ್ತಾನೆ. ಮುಂದಿನ ವರ್ಷವೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ.

ಸೈಮಿ ತುಟಿ ಬಿಗಿಹಿಡಿದಳು. ಕಣ್ಣು ತುಂಬಿ ಅಪ್ಪ ಮಸುಕಾದ. ಆದರೂ ಅವಳು ಬೇರೆ ಕಡೆ ನೋಡಲಿಲ್ಲ.

"ಬರ್ತಿಲ್ಲ," ಎಂದ ಅಪ್ಪ ಕೊನೆಗೆ.

ಪಿಲ್ವಿ ಪೆನ್ನು ಕೆಳಗಿಟ್ಟಳು. "ಬೆಳಕು?"

ಅಪ್ಪ ಅಂಗೈಯಿಂದ ಕಣ್ಣು ಮುಚ್ಚಿಕೊಂಡ. "ಸೂಜಿ ಚುಚ್ಚಿದ ಹಾಗಾಗುತ್ತೆ. ಶನಿವಾರದಿಂದ."

ಪಿಲ್ವಿ ಎದ್ದು ಸ್ವಿಚ್ ಆರಿಸಿದಳು. ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು ನಿಂತಿತು. ಕತ್ತಲಲ್ಲಿ ಮೂವರೂ ಕೂತಿದ್ದರು.

*

ಮನೆಯ ದಾರಿಯಲ್ಲಿ ಅಪ್ಪ ಮುಂದೆ, ಸೈಮಿ ಹಿಂದೆ. ಸೇತುವೆ ದಾಟಿದ ಮೇಲೆ ಅವನು ತಿರುಗದೇ ಕೇಳಿದ.

"ನಿನಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

ಮನೆಯಲ್ಲಿ ಅಪ್ಪ ಶನಿವಾರದಿಂದ ತೆರೆಯದೇ ಇದ್ದ ಚೀಲ ಬಿಚ್ಚಿ, ಇನ್ನೂ ಒದ್ದೆಯಾಗಿದ್ದ ಕೈಗವಸು, ಮೊಣಕಾಲು ಕಾಪುಗಳನ್ನು ಎಂದಿನಂತೆ ಉಗಿಸ್ನಾನದ ಕೋಣೆ ಸೌನಾದ ಹಲಗೆಗಳ ಮೇಲೆ ಒಣಗಲು ಹರವಿದ. ಆಮೇಲೆ ಫೋನ್ ತೆಗೆದು ತಾನೇ ನಾರ್ವೆಗೆ ಕರೆ ಮಾಡಿ, ಬಾಗಿಲು ಹಾಕಿಕೊಂಡ.

ಶನಿವಾರ ಟೀಮು ಅಪ್ಪನಿಲ್ಲದೆ ಆಡಿತು. ಅದರ ಮುಂದಿನ ಶನಿವಾರವೂ. ಮಾರ್ಚಿನಲ್ಲಿ ಕ್ಲಬ್ಬಿನಿಂದ ಕಾಗದ ಬಂತು. ಅಪ್ಪ ಅದನ್ನು ಓದಿ, ಮಡಿಸಿ, ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟ. ಸೌನಾದ ಹಲಗೆಗಳು ಖಾಲಿಯಾದವು. ಅಮ್ಮ ಚೀಲವನ್ನು ನೆಲಮಾಳಿಗೆಗೆ ಒಯ್ಯಲು ಹೋದಾಗ, "ಇರಲಿ ಬಿಡು, ಇನ್ನೂ ಸ್ವಲ್ಪ ದಿನ," ಅಂದ ಅಪ್ಪ.

ಆ ವಾರದ ಗುರುವಾರ ಹಿಮ ಕರಗಿ ಗೇಟಿನ ಮುಂದೆಲ್ಲ ನೀರು. ಸೈಮಿ ಹೊರಗೆ ಬಂದಾಗ ಅಪ್ಪ ಕನ್ನಡಕವಿಲ್ಲದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಹೆಗಲ ಮೇಲೆ ಏನೂ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕಂಡ.

ಅವಳು ಹತ್ತಿರ ಬರುವವರೆಗೂ ಕಾದ.

"ಬಟಾಣಿ," ಎಂದ.

ಸೈಮಿ ಅವನ ಸೊಟ್ಟ ಕಿರುಬೆರಳನ್ನು ಹಿಡಿದುಕೊಂಡಳು.

"ಬಟಾಣಿ," ಅಂದಳು.