ಬಿಸಿಲು ತಿಂದ ನೀಲಿ

"ಕೈ ತೆಗೀರಿ! ನಾನು ಮೊದ್ಲು ನೋಡಿದ್ದು!"

ಜಿಂಬೋಚೋ ಬೀದಿಯ ಹಳೆಯ ಚಿತ್ರಗಳ ಅಂಗಡಿಯಲ್ಲಿ ಚಿಜುರು ಗದರಿದಾಗ ಎದುರಿಗಿದ್ದ ಗಂಡಸು ಬೆಚ್ಚಿಬಿದ್ದ. ಮರದಚ್ಚಿನಿಂದ ಒತ್ತಿದ ಚಿತ್ರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನೀಲಿ ಸಂಜೆ, ಖಾಲಿ ಟ್ರಾಮ್ ನಿಲ್ದಾಣ.

"ತಗೊಳ್ಳಿ," ಅವನು ನಕ್ಕ. "ನಾನು ಮಾಡಿದ್ದನ್ನ ನಾನೇ ದುಡ್ಡು ಕೊಟ್ಟು ತಗೊಂಡ್ರೆ ಜನ ನಗ್ತಾರೆ."

ಚಿಜುರುವಿನ ಮುಖ ಕೆಂಪೇರಿತು. ಅಯ್ಯೋ, ಇಸೋಗಾಯ್! ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತುವ ಆ ಕಲಾವಿದ. ಅವನ ಚಿತ್ರಗಳನ್ನೇ ಅವಳು ವರ್ಷಗಟ್ಟಲೆ ಹುಡುಕಿ ಕೂಡಿಟ್ಟಿದ್ದಳು.

"ಜಗಳ ಮುಗೀತಾ?" ಅಂಗಡಿಯ ಅಜ್ಜಿ ಗೊಣಗಿದಳು. "ಹೊರಗೆ ಹೋಗಿ ಕಾಫಿ ಕುಡೀರಿ. ನನ್ನ ಗಿರಾಕಿಗಳನ್ನ ಓಡಿಸ್ಬೇಡಿ."

ಕುಡಿದರು. ಮುಂದಿನ ಶನಿವಾರವೂ ಕುಡಿದರು, ಅದರ ಮುಂದಿನದೂ... ದಂತವೈದ್ಯರ ಕ್ಲಿನಿಕ್ಕಿನಲ್ಲಿ ಊರವರ ಹೆಸರು ಕೂಗಿ ದಿನ ಕಳೆಯುವವಳಿಗೆ, ತನ್ನ ಹೆಸರನ್ನು ಅಷ್ಟು ಮೆಲ್ಲಗೆ ಹೇಳುವ ದನಿ ಹೊಸದು. ಮನೆಯಲ್ಲಿ 'ಬಂದೆಯಾ' ಎನ್ನಲು ನರಪಿಳ್ಳೆಯೂ ಇರಲಿಲ್ಲ.

ಚಳಿ ಶುರುವಾದಾಗ ಧೈರ್ಯ ಮಾಡಿ ಅವನನ್ನು ಊಟಕ್ಕೆ ಕರೆದಳು. ಮೂಲಂಗಿ, ಮೊಟ್ಟೆ ಹಾಕಿ ಓದೆನ್ ಎಂಬ ಬಿಸಿ ಸಾರು ಬೇಯಿಸಿದಳು.

ಅವನ ಕಣ್ಣು ಬೋಳು ಗೋಡೆಗಳ ಮೇಲೆ ಹರಿಯಿತು. "ನನ್ನ ಚಿತ್ರಗಳೆಲ್ಲಿ?"

ಅವಳು ಹೆಮ್ಮೆಯಿಂದ ಬೀರುವಿನ ಖಾನೆಗಳನ್ನು ಎಳೆದಳು. ತೆಳುಕಾಗದದ ಮಡಿಕೆಯಲ್ಲಿ, ಕತ್ತಲಲ್ಲಿ ಎಲ್ಲವೂ ಮಲಗಿದ್ದವು. ಸಂಗ್ರಹಕಾರರ ಜಾತಿಯೇ ಹಾಗೆ. ಇಸೋಗಾಯ್ ಬಳಸುವ ನೀಲಿ ಬಣ್ಣ ಹೂವಿನ ರಸದ್ದು, ಬೆಳಕು ಬಿದ್ದರೆ ಮಾಸುತ್ತದೆ.

"ಒಂದನ್ನೂ ಗೋಡೆಗೆ ಹಾಕಿಲ್ವಾ? ಯಾವತ್ತೂ?"

"ಹಾಳಾಗತ್ತಲ್ಲ!"

"ಸರಿ ಬಿಡಿ. ಹೊಸದರ ಹಾಗೇ ಇದ್ರೆ ಮುಂದೆ ಒಳ್ಳೆ ಬೆಲೆ ಬರತ್ತೆ." ಅವನ ದನಿ ತಣ್ಣಗಾಗಿತ್ತು. "ಯಾರಾದ್ರೂ ನೋಡ್ಲಿ ಅಂತ ಒತ್ತೋದು ನಾನು..."

ಬೆಲೆ! ಇಷ್ಟೇನಾ ಅವನು ತನ್ನನ್ನು ತಿಳಿದದ್ದು? ಅವಳು ಖಾನೆಗಳನ್ನು ಒಂದೊಂದಾಗಿ ಮುಚ್ಚಿದಳು. ಊಟ ಮುಟ್ಟದೆ ಅವನು ಹೊರಟುಹೋದ.

ಆ ಶನಿವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

'ಇಷ್ಟಪಟ್ಟಿದ್ದನ್ನೆಲ್ಲ ಮುಚ್ಚಿಟ್ಟೆ... ನನ್ನನ್ನೂ ಸೇರಿಸಿ!' ಒಬ್ಬಳೇ ಕೂತು ಅನ್ನ ತಿನ್ನುವಾಗ ಅವಳಿಗೆ ಅಳು ಒತ್ತರಿಸಿ ಬಂತು. ಎದ್ದವಳೇ ಆ ಟ್ರಾಮ್ ನಿಲ್ದಾಣದ ಚಿತ್ರವನ್ನು ಕಿಟಕಿಯೆದುರಿನ ಗೋಡೆಗೆ ಹಾಕಿದಳು.

ಚಳಿ ಹೋಯಿತು, ಮಳೆ ಬಂದು ಹೋಯಿತು. ಸಂಜೆಯ ನೀಲಿ ಬೂದಿಯ ಬಣ್ಣಕ್ಕೆ ತಿರುಗಿತು. ಅದನ್ನು ಎದೆಗವಚಿಕೊಂಡು ಅವಳು ಯಾನಾಕಾದಲ್ಲಿದ್ದ ಅವನ ಕೆಲಸದ ಕೋಣೆಯ ಬಾಗಿಲು ತಟ್ಟಿದಳು.

"ಏನ್ ಮಾಡಿದ್ರಿ ಇದಕ್ಕೆ!" ಚಿತ್ರ ನೋಡಿದವನೇ ಅವನು ಕೂಗಿದ.

"ನೋಡ್ದೆ." ಅವಳ ಕಣ್ಣು ತುಂಬಿತ್ತು. "ದಿನಾ ನೋಡ್ದೆ. ಊಟ ಮಾಡ್ತಾ, ಅಳ್ತಾ... ಈಗ ಯಾರೂ ಇದನ್ನ ಬಿಟ್ಟಿ ಕೊಟ್ರೂ ತಗೊಳ್ಳಲ್ಲ."

ಅವನು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ.

"ನಂದೇ ತಪ್ಪು. ಏನೇನೋ ಅಂದ್ಬಿಟ್ಟೆ... ಇನ್ನೊಂದು ಒತ್ತಿಕೊಡೋಣ ಅಂದ್ರೆ ಆಗಲ್ಲ. ಲೆಕ್ಕದ ಪ್ರತಿಗಳು ಮುಗಿದ್ಮೇಲೆ, ಮತ್ತೆ ಒತ್ತಬಾರದು ಅಂತ ಅಚ್ಚಿಗೆ ಗೀರು ಹಾಕಿಬಿಡ್ತೀವಿ."

"ಇನ್ನೊಂದು ಬೇಡ. ನಂಗೆ ನೀವು ಬೇಕು!"

ಹೇಳಿದ್ದು ತಾನೇನಾ! ಚಿಜುರು ತಲೆ ತಗ್ಗಿಸಿದಳು. ಬಣ್ಣ ಮೆತ್ತಿದ ಅವನ ಬೆರಳು ಅವಳ ಕೈಯನ್ನು ಮುಟ್ಟಿತು.

"ನಾನೂ ಮಾಸಿ ಹೋಗ್ತೀನಿ, ಚಿಜುರು. ಈಗ್ಲೇ ಕೂದಲು ನೋಡು."

"ಮಾಸಿ ಹೋಗಿ," ಅಂದಳು ಅವಳು. "ನನ್ನ ಕಣ್ಣೆದುರಿಗೇ ಮಾಸಿ."