ಅಳಿಸಿಹೋದ ಅಪ್ಪನ ದನಿ

ಕಾದ ಬೆಸುಗೆಯ ವಾಸನೆ!

ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲು ತಳ್ಳಿದೊಡನೆ ಅದು ಮೂಗಿಗೆ ಬಡಿಯಿತು. ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪನ ಮೇಜಿನ ಕೆಳಗೆ ಆಡಿ ಬೆಳೆದ ನರ್ಸ್ ಅವಳು. ಚಿಕ್ಕಂದಿನಲ್ಲಿ ಆ ವಾಸನೆ ಬಂದರೆ ಅಪ್ಪ ಮನೆಯಲ್ಲಿದ್ದಾರೆ ಎಂದೇ ಅರ್ಥ.

ಈಗ ಅಪ್ಪ ಇಲ್ಲ. ಇವತ್ತಿನಿಂದ ಅವರ ದನಿಯೂ ಇಲ್ಲ...

"ಯಾರ್ರೀ ಇಲ್ಲಿ ಮೊಬೈಲ್ ಅಳಿಸೋರು?"

ಮುರಿದ ಚಾರ್ಜರಿಗೆ ಬೆಸುಗೆ ಹಾಕುತ್ತಿದ್ದ ಯುವಕ ಗಡಬಡಿಸಿ ಎದ್ದ. ರೋಗಿಗಳ ವರದಿ ನೋಡಲು ಸಿಬ್ಬಂದಿಯೆಲ್ಲ ತಮ್ಮ ಸ್ವಂತ ಫೋನಿನಲ್ಲಿ ಆಸ್ಪತ್ರೆಯ ಆ್ಯಪ್ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಬೀಗ ಹಾಕುವವನು, ಫೋನ್ ಕಳೆದರೆ ದೂರದಿಂದಲೇ ಅಳಿಸುವವನು ಇವನು. ವಾರ್ಡಿನವರು ಇಟ್ಟ ಹೆಸರು ಬೀಗದಣ್ಣ.

"ನಾನೇ ಮೇಡಂ. ಏನಾಯ್ತು?"

"ನಿನ್ನೆ ಬಸ್ಸಲ್ಲಿ ಫೋನ್ ಬಿಟ್ಟೆ. ರೋಗಿಗಳ ವಿವರ ಯಾರ ಕೈಗಾದ್ರೂ ಸಿಕ್ರೆ ಅಂತ ಹೆದರಿ ಬೇರೆಯವರ ಫೋನಿಂದ ನಿಮಗೆ ಹೇಳ್ದೆ. ಅಳಿಸಿ ಅಂದೆ, ನಿಜ. ಆಸ್ಪತ್ರೇದು ಅಳಿಸಿ ಅಂದ್ರೆ ನನ್ನ ಬದುಕನ್ನೇ ಅಳಿಸೋದಾ?"

ಫೋನಿನ ಹಿಂಬದಿಯ ಆಸ್ಪತ್ರೆ ಚೀಟಿ ನೋಡಿ ಬಸ್ ಕಂಡಕ್ಟರ್ ಬೆಳಿಗ್ಗೆಯೇ ತಂದುಕೊಟ್ಟಿದ್ದ. ಗೀರು ಬೀಳದಿರಲಿ ಎಂದು ತನ್ನ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪುಣ್ಯಾತ್ಮ. ಬಿಚ್ಚಿ ನೋಡಿದರೆ ಒಳಗೆ ಬರೀ ಬಯಲು.

"ನಮ್ಮಪ್ಪ ಮಾತಾಡಿ ಕಳಿಸಿದ್ದೆಲ್ಲ ಅದರಲ್ಲಿತ್ತು. ಬೇರೆ ಎಲ್ಲೂ ಇಟ್ಟಿರಲಿಲ್ಲ. 'ಪುಟ್ಟೀ, ಮನೆ ಮುಟ್ಟಿದ್ಯಾ' ಅಂತ... ಮಧ್ಯೆ ಕೆಮ್ಮಿಕೊಂಡು... ದಿನಾ ಅದನ್ನ ಕೇಳಿ ಮಲಗ್ತಿದ್ದೆ!"

ಅವನ ಮುಖ ಬಿಳಿಚಿಕೊಂಡಿತು.

"ಅದು... ನಿಯಮ ಮೇಡಂ. ಕಳೆದ ಫೋನ್ ಪೂರ್ತಿ ಅಳಿಸಬೇಕು."

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!"

ಆದರೆ ಅವನು ಸುಮ್ಮನಾಗಲಿಲ್ಲ. ಮರುದಿನವೇ ವಾರ್ಡಿಗೆ ಬಂದ. ಅಪ್ಪನ ದನಿ ಬೇರೆ ಯಾರ ಫೋನಿನಲ್ಲಾದರೂ ಉಳಿದೀತು ಎಂದು, ಅವರು ಯಾರ ಯಾರ ಜೊತೆ ಫೋನಲ್ಲಿ ಮಾತಾಡುತ್ತಿದ್ದರು ಎಂದು ಕೇಳಿದ. ರಜೆಯ ದಿನಗಳಲ್ಲಿ ಅವಳನ್ನೂ ಕರೆದುಕೊಂಡು ಅವಳ ಚಿಕ್ಕಪ್ಪನ ಮನೆ, ಅಪ್ಪನ ಕ್ಷೌರಿಕನ ಅಂಗಡಿ, ಹಳೇ ಗಿರಾಕಿಗಳ ಬಾಗಿಲು ಅಲೆದ. ಕೊನೆಗೆ ಸಿಕ್ಕಿದ್ದು ಒಂದು ಮದುವೆಯ ವಿಡಿಯೋ. ಅದರಲ್ಲಿ ಅಪ್ಪನ ತುಟಿ ಅಲ್ಲಾಡುತ್ತಿತ್ತು. ಕೇಳಿಸಿದ್ದು ಮಾತ್ರ ವಾದ್ಯದ ಗದ್ದಲ.

ಅವಳು ಅತ್ತಳು. ಅವನೂ ಕಣ್ಣೊರೆಸಿಕೊಂಡ.

ಅವಳಿಗೆ ನೀರಿನ ಬಾಟಲಿ ತಂದಿಟ್ಟರೆ ಮುಚ್ಚಳ ಸಡಿಲಿಸಿಯೇ ಇಡುತ್ತಿದ್ದ, ದುಡಿದು ಸೋತ ಕೈಗೆ ಕಷ್ಟವಾಗದಿರಲಿ ಎಂದು. ಅಂಥವನ ಮೇಲೆ ಎಷ್ಟು ದಿನ ಸಿಟ್ಟು ಉಳಿದೀತು?

"ಬಂದ ನೋಡು ಬೀಗದಣ್ಣ!" ಜೊತೆಯ ನರ್ಸ್ ಮೊಣಕೈಯಿಂದ ತಿವಿಯುತ್ತಿದ್ದಳು. "ಲೇ, ನಾವೆಲ್ಲ ಅಣ್ಣ ಅಂತೀವಿ. ನೀನು ಮಾತ್ರ ಅನ್ಬೇಡ ಕಣೇ!"

ಅಪ್ಪನ ದನಿ ಹೇಗಿತ್ತು ಎಂದು ಅವಳು ಬಾಯಿಬಿಟ್ಟು ಹೇಳಿಕೊಂಡದ್ದು ಅವನೊಬ್ಬನಿಗೇ.

ಆಮೇಲೆ ಒಂದು ದಿನ ಆ ಗೆಳತಿಯ ಫೋನೂ ಮಾರುಕಟ್ಟೆಯಲ್ಲಿ ಕಳೆಯಿತು, ಸಂಜೆಗೆ ಸಿಕ್ಕಿತು.

"ನೋಡೇ! ಆಸ್ಪತ್ರೇದಷ್ಟೇ ಅಳಿಸಿದಾರೆ. ನನ್ನ ಮಗನ ಫೋಟೋ ಒಂದೂ ಅಲ್ಲಾಡಿಲ್ಲ!"

"ನಿಯಮ... ಬದಲಾಯ್ತಾ?"

"ಯಾವಾಗಿಂದಲೂ ಹೀಗೇ ಅಂತಲ್ಲೇ."

ಅವಳು ಮೆಟ್ಟಿಲ ಕಡೆ ಓಡಿದಳು. ಹಾಗಾದರೆ ನನ್ನದು...?

ನೆಲಮಾಳಿಗೆಯಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ.

"ಅಳಿಸೋಕೆ ಎರಡು ದಾರಿ ಇದೆ. ಆಸ್ಪತ್ರೇದು ಮಾತ್ರ, ಇಲ್ಲಾ ಪೂರ್ತಿ. ನೀವು ಫೋನಲ್ಲಿ ಬೇಗ ಬೇಗ ಅಂತ ಅಳ್ತಿದ್ರಿ... ಗಾಬರೀಲಿ ತಪ್ಪು ಒತ್ತಿಬಿಟ್ಟೆ."

"ನಿಯಮ ಅಂದ್ರಲ್ಲ?"

"ಸುಳ್ಳು. ಕೆಲಸ ಇನ್ನೂ ಖಾಯಂ ಆಗಿರ್ಲಿಲ್ಲ, ಹೆದರಿದೆ. ಆಮೇಲೆ ನಿಮ್ಮನ್ನ ಕಳ್ಕೋತೀನಿ ಅಂತ ಹೆದರಿದೆ. ನಿಮ್ಮನ್ನ ನಾನು ಪ್ರೀತಿ..."

"ಸಾಕು! ಆ ಮಾತು ಆಡ್ಬೇಡಿ. ಮಗು ಚಿವುಟಿದ್ದೂ ನೀವೇ, ತೊಟ್ಟಿಲು ತೂಗಿದ್ದೂ ನೀವೇ!"

ಮೆಟ್ಟಿಲೇರುವಾಗ ಅವಳಿಗೆ ಕಣ್ಣೇ ಕಾಣಲಿಲ್ಲ. ತಪ್ಪನ್ನಾದರೂ ನುಂಗಬಹುದಿತ್ತು. ಜೊತೆಗೆ ಅಲೆದಷ್ಟು ದಿನವೂ ಅವನು ಬಚ್ಚಿಟ್ಟನಲ್ಲ!

ಮೊಬೈಲ್ ಸುರಕ್ಷತೆಯ ಸಭೆಗೆ ಸಿಬ್ಬಂದಿಯೆಲ್ಲ ಸೇರಿದ್ದರು. ಮುಖ್ಯಸ್ಥರ ಮಾತು ಮುಗಿಯುವ ಮೊದಲೇ ಅವನು ಎದ್ದ.

"ಒಬ್ಬ ಸಿಸ್ಟರ್ ಫೋನನ್ನ ನಾನು ತಪ್ಪಾಗಿ ಪೂರ್ತಿ ಅಳಿಸಿದೆ. ಕೇಳಿದ್ರೆ ನಿಯಮ ಅಂತ ಸುಳ್ಳು ಹೇಳ್ದೆ. ಪೂರ್ತಿ ಅಳಿಸೋ ಅಧಿಕಾರ ಇನ್ಮೇಲೆ ಒಬ್ಬನ ಕೈಲಿ ಇರಬಾರದು. ನನ್ನ ಕೈಲಂತೂ ಬೇಡ."

ಹಿಂದಿನ ಸಾಲಿನಲ್ಲಿದ್ದ ಅವಳ ಕಡೆ ಅವನು ಒಮ್ಮೆಯೂ ನೋಡಲಿಲ್ಲ. ಮುಖ್ಯಸ್ಥರು ಅವನನ್ನು ಉಗ್ರಾಣಕ್ಕೆ ಹಾಕಿದರು.

ಅವಳು ಮಾತು ಬಿಟ್ಟೇ ಇದ್ದಳು. ಆದರೆ ಮಲಗುವ ಮುಂಚೆ ಅಪ್ಪನ ದನಿ ನೆನೆಯಲು ಹೋದರೆ ಈಗೀಗ ಬರೀ ಕೆಮ್ಮು ಕೇಳಿಸುತ್ತಿತ್ತು. ಮಾತು ಜಾರಿಹೋಗುತ್ತಿತ್ತು. ಯಾರನ್ನು ಕೇಳಲಿ? ಅದನ್ನು ಬಲ್ಲವನು ಒಬ್ಬನೇ. ಅಳಿಸಿದವನೂ ಅವನೇ...

ಒಂದು ಮಧ್ಯಾಹ್ನ ಅವಳು ಉಗ್ರಾಣದ ಬಾಗಿಲಲ್ಲಿ ನಿಂತಳು. ಹಾಸಿಗೆಗಳ ಕಟ್ಟಿನ ಮೇಲೆ ಕುಳಿತಿದ್ದ ಅವನು ಎದ್ದ. ಸೊರಗಿಹೋಗಿದ್ದ.

"ನಾನು ಕ್ಷಮಿಸಿಲ್ಲ," ಎಂದಳು.

"ಗೊತ್ತು."

"ಮುಂದೆ ಕ್ಷಮಿಸ್ತೀನಾ, ಅದೂ ಗೊತ್ತಿಲ್ಲ."

"ಹ್ಞೂಂ."

ಅವಳು ಒಳಗೆ ಬಂದಳು. "ಅಪ್ಪ 'ಪುಟ್ಟೀ' ಅನ್ನೋದು ಹೇಗೆ ಅಂತ ನಿಮಗೆ ಹೇಳಿದ್ದೆನಲ್ಲ... ನನಗೇ ಮರೀತಿದೆ. ನಿಮಗೆ ನೆನಪಿದ್ಯಾ?"

"ಇದೆ. ಕೊನೇಲಿ ಎಳೀತಿದ್ರು ಅಂದ್ರಿ. ನೀವು ಓಗೊಡೋವರೆಗೂ ಬಿಡ್ತಿರ್ಲಿಲ್ಲ ಅಂದ್ರಿ."

ಅವಳು ಕಣ್ಣು ಮುಚ್ಚಿಕೊಂಡಳು. ಕೆನ್ನೆಯ ಮೇಲೆ ನೀರಿಳಿಯಿತು.

"ನಾನು ಕೇಳ್ದಾಗೆಲ್ಲ ಹೇಳ್ಬೇಕು. ಒಂದಕ್ಷರ ಸುಳ್ಳು ಸೇರಿಸ್ಬಾರ್ದು."

"ಎಲ್ಲಿವರೆಗೆ?"

"ನಾನು ಸಾಕು ಅನ್ನೋವರೆಗೆ."

"ಸಾಕು ಅನ್ಬೇಡಿ," ಎಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ.

ಅವಳು ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಅವನ ಕೈಗಿಟ್ಟಳು.